ಬ್ಲಾಕ್ ಪಟ್ಟಿಯಲ್ಲಿ ತಂಗಿ

ಕಳ್ಳನನ್ನು ಹಿಡಿಯುವ ಚಪಲ ನನಗೆ ಚಿಕ್ಕಂದಿನಿಂದಲೂ ಇದೆ. ಹಿಡಿದದ್ದು ಮಾತ್ರ ಒಬ್ಬರನ್ನೂ ಇಲ್ಲ. ಅರಕಲಗೂಡಿನಲ್ಲಿ ಹಿಟ್ಟಿನ ಗಿರಣಿ ನಡೆಸುವವನಿಗೆ ಕಳ್ಳರು ಸಿಗುವುದಾದರೂ ಹೇಗೆ? ರಾಗಿಹಿಟ್ಟು ಅರ್ಧ ಪಾವು ಕಮ್ಮಿ ಬಂದರೆ ಜನ ನನ್ನನ್ನೇ ಅನುಮಾನಿಸುತ್ತಾರೆ.

ಹಾಗಾಗಿ ಮನೆಗೆ ವೈಫೈ ಹಾಕಿಸಿದಾಗ ನನಗೆ ಹಿಡಿಸಿದ್ದು ಇಂಟರ್‌ನೆಟ್‌ಗಿಂತ ಅದರ ಕಾವಲು. ಹಾಕಲು ಬಂದವರು ನನ್ನ ಫೋನಿಗೆ ಒಂದು ಆ್ಯಪ್ ಹಾಕಿಕೊಟ್ಟರು. ನಮ್ಮ ವೈಫೈಯನ್ನು ಯಾವ ಯಾವ ಯಂತ್ರ ಬಳಸುತ್ತಿದೆ ಎಂಬ ಪಟ್ಟಿ ಅದರಲ್ಲಿ ಕಾಣುತ್ತದೆ. ಬೇಡದ ಹೆಸರಿನ ಮುಂದೆ ‘ಬ್ಲಾಕ್’ ಒತ್ತಿದರೆ ಆಯಿತು, ಪಾಸ್‌ವರ್ಡ್ ಗೊತ್ತಿದ್ದರೂ ಒಳಗೆ ಬರುವಂತಿಲ್ಲ. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟ ನನಗೆ ಅಲ್ಲಿಯವರೆಗೆ ಯಾರೂ ಇಷ್ಟು ದೊಡ್ಡ ಅಧಿಕಾರ ಕೊಟ್ಟಿರಲಿಲ್ಲ. ದಿನಕ್ಕೆರಡು ಸಲ ಹಾಜರಿ ತೆಗೆದುಕೊಳ್ಳುತ್ತಿದ್ದೆ: ನನ್ನ ಫೋನು, ಹೆಂಡತಿಯ ಫೋನು, ತಂಗಿ ಸುಧಾಳ ಫೋನು, ಟಿವಿ.

ಹೋದ ವರ್ಷ ಒಂದು ಬೆಳಿಗ್ಗೆ ಐದನೆಯ ಹೆಸರು ಕಂಡಿತು. ‘ಡೆಸ್ಕ್‌ಟಾಪ್’ ಎಂದಿತ್ತು, ಮುಂದೆ ಒಂದಷ್ಟು ಅಕ್ಷರ, ಅಂಕಿ. ಡೆಸ್ಕ್‌ಟಾಪ್ ಎಂದರೆ ಮೇಜಿನ ಮೇಲಿಡುವ ದೊಡ್ಡ ಕಂಪ್ಯೂಟರು ಎಂದು ನನಗೂ ಗೊತ್ತು. ನಮ್ಮ ಬೀದಿಯಲ್ಲಿ ಅದು ಇದ್ದದ್ದು ಪಕ್ಕದ ಮನೆಯ ನಂಜುಂಡಣ್ಣನವರ ಹತ್ತಿರ ಮಾತ್ರ. ಅರ್ಜಿ ಟೈಪು ಮಾಡಿಕೊಡುವುದು ಅವರ ಕಸುಬು. ಅವರಿಗೆ ಬೇರೆಯೇ ಕನೆಕ್ಷನ್ ಇದೆಯಲ್ಲ ಎಂಬುದು ಆಗ ಹೊಳೆಯಲಿಲ್ಲ. ಬ್ಲಾಕ್ ಒತ್ತಿದೆ. ‘ತಿಂಡಿ ಆಯ್ತೇನ್ಲಾ?’ ಎಂದು ಅವರು ಕೇಳಿದರೆ ಉತ್ತರವನ್ನೂ ಕೊಡದೆ ಗಿರಣಿಗೆ ಹೋದೆ.

ಮಧ್ಯಾಹ್ನ ಊಟಕ್ಕೆ ಬಂದಾಗ ಸುಧಾ ಅಳುವ ಹಾಗಿದ್ದಳು. ಮೂರು ಗಂಟೆಗೆ ಚನ್ನರಾಯಪಟ್ಟಣದ ಕಾಲೇಜೊಂದರ ಉಪನ್ಯಾಸಕಿ ಕೆಲಸಕ್ಕೆ ಆನ್‌ಲೈನ್ ಸಂದರ್ಶನ. ಅದರಲ್ಲಿ ಮಾಡಿ ತೋರಿಸಬೇಕಾದ ಪಾಠದ ಚಿತ್ರಗಳೆಲ್ಲ ಹಿಂದಿನ ಸಂಜೆ ಗೆಳತಿಯಿಂದ ತಂದ ಲ್ಯಾಪ್‌ಟಾಪಿನಲ್ಲಿದ್ದವು. ನಿನ್ನೆ ಸಿಕ್ಕಿದ ವೈಫೈ ಇವತ್ತು ಸಿಗುತ್ತಿಲ್ಲ. ಮೊಬೈಲ್ ಸಿಗ್ನಲ್ ನಮ್ಮ ಮನೆಯೊಳಗೆ ಬರುವುದೇ ಅಪರೂಪ. ನಾನು ವೈಫೈ ಬಾಕ್ಸ್ ಆರಿಸಿ ಹಾಕಿದೆ. ಅವಳು ಪಾಸ್‌ವರ್ಡ್ ಮೂರು ಸಲ ಹೊಡೆದಳು, ಹಳೆಯದನ್ನು ಅಳಿಸಿ ಹೊಸದಾಗಿಯೂ ಹೊಡೆದಳು. ಫೋನುಗಳಿಗೆಲ್ಲ ಬರುತ್ತಿದೆ, ಲ್ಯಾಪ್‌ಟಾಪಿಗೆ ಇಲ್ಲ. ನನ್ನ ಹೆಂಡತಿ ಹೋಗಿ ನಂಜುಂಡಣ್ಣನವರನ್ನೇ ಕರೆತಂದಳು.

ಅವರು ಕನ್ನಡಕ ಏರಿಸಿ ನೋಡಿದರು. ‘ಪಾಸ್‌ವರ್ಡ್ ಸರಿಯಾಗೇ ಐತೆ ಕಣವ್ವ. ಬಾಕ್ಸೇ ಇದನ್ನ ತಡೀತಾ ಐತೆ. ಇದರ ಹೆಸರು ನೋಡು, ಡೆಸ್ಕ್‌ಟಾಪ್ ಅಂತ ಐತಲ್ಲ, ಈ ಹೆಸರು ಬ್ಲಾಕ್ ಆಗಿರ್ಬೇಕು.’

‘ಲ್ಯಾಪ್‌ಟಾಪಿಗೆ ಡೆಸ್ಕ್‌ಟಾಪ್ ಅಂತ ಹೆಸರಾ?’ ಎಂದೆ.

‘ಅವು ಬರೋವಾಗ್ಲೇ ಅಂಗೇ ಬತ್ತವೆ ಕಣ್ಲಾ. ಯಾರಾದ್ರೂ ಬ್ಲಾಕ್ ಮಾಡಿದ್ರಾ?’

ಮೂವರೂ ನನ್ನ ಕಡೆ ನೋಡಿದರು. ಫೋನು ಜೇಬಿನಲ್ಲೇ ಇತ್ತು, ಒಂದು ಸಲ ಒತ್ತಿದ್ದರೆ ಸಾಕಿತ್ತು. ಆದರೆ ಒತ್ತಿದರೆ ಯಾಕೆ ತಡೆದಿದ್ದೆ ಎಂದೂ ಹೇಳಬೇಕು, ಅದನ್ನು ನಂಜುಂಡಣ್ಣನವರ ಎದುರಿಗೇ ಹೇಳಬೇಕು. ‘ಕಂಪನಿಯೋರೇ ಮಾಡಿರ್ಬೇಕು’ ಎಂದೆ.

ಮೂರಕ್ಕೆ ಹತ್ತು ನಿಮಿಷ. ‘ನಮ್ಮನೇಲಿ ಕೂತ್ಕೊ ಬಾರವ್ವ’ ಎಂದು ನಂಜುಂಡಣ್ಣ ಅವಳನ್ನು ಕರೆದುಕೊಂಡು ಹೋದರು. ತಂಗಿ ಅವರ ಮನೆಯಲ್ಲಿ ಪಾಠ ಮಾಡುವಾಗ ನಾನು ನಮ್ಮ ಮನೆಯಲ್ಲಿ ಬ್ಲಾಕ್ ತೆಗೆದೆ. ಸಂಜೆ ಲ್ಯಾಪ್‌ಟಾಪಿಗೆ ವೈಫೈ ತಾನಾಗಿ ಸಿಕ್ಕಿತು. ‘ಅಣ್ಣ ಬಾಕ್ಸ್ ಆರಿಸಿ ಹಾಕಿದ್ದಕ್ಕೆ ಸರಿಹೋಯ್ತು’ ಎಂದು ಸುಧಾ ಬೀದಿಗೆಲ್ಲ ಹೇಳಿದಳು. ನಾನು ಅಲ್ಲ ಎನ್ನಲಿಲ್ಲ. ಈಗ ಯಾರ ಮನೆಯಲ್ಲಿ ನೆಟ್ ನಿಂತರೂ ನನ್ನನ್ನು ಕರೆಯುತ್ತಾರೆ. ಹೋಗಿ ಆರಿಸಿ ಹಾಕಿ ಬರುತ್ತೇನೆ. ಬಹುಪಾಲು ಸರಿಯೂ ಹೋಗುತ್ತದೆ, ಅದೇ ಕಷ್ಟ.

ಸುಧಾಗೆ ಕೆಲಸ ಸಿಕ್ಕಿತು, ಚನ್ನರಾಯಪಟ್ಟಣದಲ್ಲಿ ಮನೆ ಮಾಡಿದಳು. ಹೋದ ಭಾನುವಾರ ಅಲ್ಲಿನ ವೈಫೈ ಸರಿಮಾಡಿಕೊಡಲು ನನ್ನನ್ನೇ ಕರೆಸಿದಳು. ಆ್ಯಪನ್ನು ಅವಳ ಫೋನಿಗೆ ಹಾಕಿ, ಪಟ್ಟಿ ತೋರಿಸಿ, ಬ್ಲಾಕ್ ಎಂಬಲ್ಲಿಗೆ ಬಂದಾಗ ನನ್ನ ಬೆರಳು ನಿಂತಿತು.

‘ಅವತ್ತು ನಿನ್ನ ತಡೆದಿದ್ದು ನಾನೇ ಕಣೆ. ನಂಜುಂಡಣ್ಣ ಕದೀತಾವ್ರೆ ಅನ್ಕಂಡಿದ್ದೆ. ಗೊತ್ತಾದ್ಮೇಲೂ ಬಾಯಿ ಬಿಡ್ಲಿಲ್ಲ.’

‘ಅವರಿಗೆ ಹೇಳಿದ್ಯಾ?’ ಎಂದಳು.

‘ಇಲ್ಲ.’

ಪಟ್ಟಿಯಲ್ಲಿ ನನ್ನ ಫೋನನ್ನು ಹುಡುಕಿ ಬ್ಲಾಕ್ ಒತ್ತಿದಳು. ‘ಹೇಳಿ ಬಾ, ಆಮೇಲೆ ತೆಗೀತೀನಿ.’

ಕಾಫಿ ಕೊಟ್ಟಳು, ಊಟ ಬಡಿಸಿದಳು, ನೆಟ್ ಮಾತ್ರ ಕೊಡಲಿಲ್ಲ. ತಪ್ಪನ್ನು ತಂಗಿಗೆ ಹೇಳುವುದು ಹೇಗೋ ಆಗುತ್ತದೆ. ಯಾರನ್ನು ಅನುಮಾನಿಸಿದ್ದೆನೋ ಅವರಿಗೇ ಹೋಗಿ ಹೇಳುವುದು ಬೇರೆ. ಇದನ್ನು ಬರೆಯುತ್ತಿರುವಾಗ ನಂಜುಂಡಣ್ಣನವರ ಬಾಗಿಲು ತೆರೆದೇ ಇದೆ. ನಾನು ಚಪ್ಪಲಿ ಮೆಟ್ಟಿಕೊಂಡು ಅರ್ಧ ಗಂಟೆಯಾಯಿತು.