ಅರವತ್ತಕ್ಕೆ ತಾಯಿಯಾದ ಶರಣಮ್ಮ ಟೀಚರ್

ಶರಣಮ್ಮ ಟೀಚರ್ ರಸ್ತೆ ದಾಟುವಾಗ ಮಗಳ ಕೈ ಹಿಡಿಯುತ್ತಿರಲಿಲ್ಲ. ಶಹಾಪುರದ ಬಸ್ ಸ್ಟ್ಯಾಂಡಿನ ಎದುರಿನ ರಸ್ತೆ ಎಂಥದೆಂದು ನೋಡಿದವರಿಗೆ ಗೊತ್ತು: ಹತ್ತಿ ಹೇರಿದ ಲಾರಿ, ಟಂಟಂ, ಎಲ್ಲಿಂದಲೋ ನುಗ್ಗುವ ಬೈಕು. ಟೀಚರ್ ತಾವು ಮೊದಲು ದಾಟಿ ಆಚೆ ನಿಂತು, ಈಚೆ ಉಳಿದ ಆರು ವರ್ಷದ ಹುಡುಗಿಗೆ, "ಎರಡೂ ಕಡಿ ನೋಡು, ಬಾ" ಎನ್ನುತ್ತಿದ್ದರು. ಹುಡುಗಿ ನೋಡಿ, ನಿಂತು, ಮತ್ತೆ ನೋಡಿ ಬರುತ್ತಿದ್ದಳು. ಒಮ್ಮೆ ಹಣ್ಣಿನ ಗಾಡಿಯವನು ತಡೆಯಲಾರದೆ, "ಎಂಥ ಅಜ್ಜಿ ಇದ್ದೀರಿ ನೀವು, ಮೊಮ್ಮಗಳ ಕೈ ಹಿಡೀಬಾರದೇನ್ರಿ" ಎಂದ.

"ಮೊಮ್ಮಗಳಲ್ಲ, ಮಗಳು. ನಾ ಹಡದೀನಿ" ಎಂದು ಟೀಚರ್ ಮುಂದೆ ನಡೆದರು. ಇದೇ ಮಾತನ್ನು ಅವರು ಎದೆಯುಬ್ಬಿಸಿ ಹೇಳುತ್ತಿದ್ದ ಕಾಲವೂ ಇತ್ತು. ಅಂದು ಮಾತ್ರ ಪೊಲೀಸರೆದುರು ಹೆಸರು ಹೇಳಿದಂತೆ ಹೇಳಿದರು.

ನಾನು ದೋರನಹಳ್ಳಿಯ ಸರ್ಕಾರಿ ಶಾಲೆಗೆ ಹೊಸ ಶಿಕ್ಷಕಿಯಾಗಿ ಬಂದಾಗ ಅವರು ಅಲ್ಲಿನ ಹಳೆಯ ಹುಲಿ. ಇಬ್ಬರ ಮನೆಯೂ ಶಹಾಪುರದ ಒಂದೇ ಓಣಿಯಲ್ಲಿದ್ದುದರಿಂದ ಬಸ್ಸಿನಲ್ಲಿ ಜೊತೆಯಾದೆವು. ದವಡೆಯಲ್ಲಿ ಸದಾ ಒಂದು ಲವಂಗ, ಸೊಂಟಕ್ಕೆ ಬಿಗಿದ ಸೆರಗು, ಯಾರಿಗೂ ಹೆದರದ ನಾಲಿಗೆ. ಮಗನನ್ನು ಶಾಲೆ ಬಿಡಿಸಿ ಹತ್ತಿ ಬಿಡಿಸಲು ಹಚ್ಚಿದ ಒಬ್ಬ ತಂದೆಯನ್ನು ಕರೆಸಿ, "ಹಡಿಯಾಕ ಪುರಸೊತ್ತು ಸಿಕ್ಕಿತ್ತು, ಮಗ್ಗಿ ಕೇಳಾಕ ಸಿಗಲಿಲ್ಲೇನು?" ಎಂದು ಇಡೀ ಶಾಲೆಗೆ ಕೇಳುವಂತೆ ಬೈದಿದ್ದರು. ಅವನು ತಲೆ ತಗ್ಗಿಸಿಕೊಂಡು ಹೋದ. ಗೇಟಿನ ಹೊರಗೆ ಅವನ ಹೆಂಡತಿ ಮಾತ್ರ ತಿರುಗಿ ನಿಂತು, ಹಡೆದವರ ಕಷ್ಟ ಬಂಜಿಗೇನು ಗೊತ್ತು ಎಂದಳು. ಟೀಚರ್ ಅದನ್ನು ಕೇಳಿಸಿಕೊಂಡರು. ತರಗತಿಗೆ ಹೋಗಿ ಭಾಗಾಕಾರ ಕಲಿಸಿದರು.

ಅವರ ಯಜಮಾನರು ಹಣಮಂತ್ರಾಯರು ನಾರಾಯಣಪುರದ ಅಣೆಕಟ್ಟಿನ ಕಚೇರಿಯಲ್ಲಿದ್ದರು. ಶನಿವಾರ ಬಂದು ಸೋಮವಾರ ಹೋಗುವ, ಮೆತ್ತಗಿನ ಮನುಷ್ಯ. ಅವರ ತಮ್ಮನ ಸಂಸಾರ ಸುರಪುರದಲ್ಲಿತ್ತು. ಆ ಮನೆಯ ಬಸುರಿ ಸೊಸೆಯ ಕುಬಸಕ್ಕೆ ಟೀಚರ್ ಹಸಿರು ಸೀರೆ, ಬಳೆ ತೆಗೆದುಕೊಂಡು ಹೋಗಿದ್ದರು. ಉಡಿ ತುಂಬಲು ಏಳುವಾಗ ನೆಗೆಣ್ಣಿ, ಆ ತಮ್ಮನ ಹೆಂಡತಿ, ಬಂದು, "ಅಕ್ಕಾ, ನೀ ಆ ಕಡಿ ಕೂಡು. ಹಡದವರು ತುಂಬಲಿ" ಎಂದು ಅವರ ಕೈಯ ತಟ್ಟೆಯನ್ನು ಇಸಿದುಕೊಂಡಳಂತೆ. ಟೀಚರ್ ಅತ್ತ ಹೋಗಿ ಕೂತು, ಪೂರ್ತಿ ಊಟ ಮಾಡಿ, ಹೋಳಿಗೆ ಚೆನ್ನಾಗಿತ್ತೆಂದು ಹೇಳಿ ಬಂದರು. ಮರುದಿನ ಬಸ್ಸಿನಲ್ಲಿ ಇದನ್ನು ನನಗೆ ಬೇರೆ ಯಾರದೋ ಮನೆಯ ಸುದ್ದಿ ಹೇಳಿದಂತೆ ಹೇಳಿದರು.

ನಿವೃತ್ತಿಯಾದ ವರ್ಷವೇ ಅವರು ಹೈದರಾಬಾದಿಗೆ ಓಡಾಡಲು ಶುರುಮಾಡಿದ್ದು. ಮುಟ್ಟು ನಿಂತು ಎಷ್ಟೋ ವರ್ಷವಾಗಿತ್ತು. ಬೇರೆ ಯಾರೋ ಹೆಣ್ಣುಮಗಳ ಅಂಡ, ಯಜಮಾನರ ಬೀಜ, ಟೀಚರ ಹೊಟ್ಟೆ. ಇಷ್ಟು ವಯಸ್ಸಾದವರಿಗೆ ಮಾಡಬಾರದೆಂಬ ಕಾನೂನು ಆಗಿನ್ನೂ ಬಂದಿರಲಿಲ್ಲ. ಒಂದು ಭಾನುವಾರ ಹಣಮಂತ್ರಾಯರು ನಮ್ಮ ಮನೆಗೆ ಬಂದರು. ಆರಿಹೋದ ಚಹಾವನ್ನು ಒಂದೇ ಗುಟುಕಿಗೆ ಕುಡಿದು ಹೇಳಿದರು: "ಕೂಸು ಸಾಲಿಗೆ ಹೋಗೂದ್ರಾಗ ನನ್ನ ಹೆಣ ಎತ್ತಿರ್ತಾರ್ರಿ. ಹುಟ್ಟೂಕಿಂತ ಮೊದಲ ಅದನ್ನ ಪರದೇಶಿ ಮಾಡಿದಂಗ ಆಗ್ತದ. ನನ್ನ ಮಾತು ಕೇಳವಲ್ಲಳು. ನೀವರ ಹೇಳ್ರಿ."

ನಾನು ಹೋಗಿ ಹೇಳಿದೆ. ಬಂಧುಗಳ ಪೈಕಿ ಯಾರದಾದರೂ ಮಗುವನ್ನು ತಂದು ಸಾಕಬಹುದಲ್ಲ ಎಂದೆ. ಸಾಕಿದರೆ ಬಂಜಿ ಸಾಕಿದಳು ಅನ್ನುತ್ತಾರೆ, ತನಗೆ ಹಡೆಯಬೇಕಾಗಿದೆ ಎಂದರು. ಮುಂದೆ ಮಗುವಿನ ಗತಿ ಏನೆಂದು ಕೇಳಿದ್ದೇ ತಡ, ಅವರ ದನಿ ತರಗತಿಯ ದನಿಯಾಯಿತು.

"ಸುರಪುರದಾಗ ನಮ್ಮ ಮೈದುನನ ಬಾಜೂ ಮನಿ ಮುದುಕ ಎಪ್ಪತ್ತರಾಗ ಮೂರನೇ ಹೇಂತಿ ಕಡಿಂದ ಗಂಡು ಹಡಿಸ್ಯಾನ. ಓಣಿ ಮಂದಿ ಪೇಢೆ ತಿಂದ್ರು. ಆ ಕೂಸಿನ ಗತಿ ಏನಂತ ಒಬ್ಬರರ ಕೇಳ್ಯಾರೇನು? ನನಗಷ್ಟ ಯಾಕ ಕೇಳ್ತಿ, ರೇಣುಕಾ?"

ಆ ಮುದುಕನೂ ತಪ್ಪು ಮಾಡಿದ್ದಾನೆ ಎನ್ನಬಹುದಿತ್ತು. ಆದರೆ ಆ ಮಾತನ್ನು ಊರಲ್ಲಿ ಯಾರೂ ಆಡಿರಲಿಲ್ಲ, ನನಗೂ ಅದು ಆಗ ಹೊಳೆಯಲಿಲ್ಲ.

ಬಸುರಿನಲ್ಲಿ ಅವರು ಪಟ್ಟದ್ದನ್ನು ಕಂಡವರು ಮರೆಯಲಾರರು. ರಕ್ತದೊತ್ತಡ ಏರಿ, ಕಾಲು ಬಾತು, ತಿಂಗಳುಗಟ್ಟಲೆ ಮಲಗಿದಲ್ಲೇ ಇದ್ದರು. ದಿನ ತುಂಬುವ ಮೊದಲೇ ಹೊಟ್ಟೆ ಕೊಯ್ದು ಮಗುವನ್ನು ತೆಗೆದರು. ಹೆಣ್ಣು, ಅಂಗೈಯಗಲದ ಕೂಸು. ಬದುಕಿತು. ಪೂರ್ಣಿಮಾ ಎಂದು ಹೆಸರಿಟ್ಟರು. ತೊಟ್ಟಿಲ ಕಾರ್ಯವನ್ನು ಟೀಚರ್ ಹಟ ಹಿಡಿದು ಸುರಪುರದ ಮೈದುನನ ಮನೆಯಲ್ಲೇ ಮಾಡಿಸಿದರು. ಅದೇ ಪಡಸಾಲೆಯಲ್ಲಿ, ಇಳಕಲ್ ಸೀರೆಯುಟ್ಟು ನಡುವೆ ಕೂತು, ಅದೇ ನೆಗೆಣ್ಣಿಯ ಕೈಯಿಂದ ಉಡಿ ತುಂಬಿಸಿಕೊಂಡರು. ಒಂದು ಕೊಂಕು ಮಾತಾಡಲಿಲ್ಲ. ಆಡುವ ಅಗತ್ಯವೂ ಇರಲಿಲ್ಲ.

ಊಟವಾದ ಮೇಲೆ ಕೈತೊಳೆಯುವಲ್ಲಿ ಹೆಂಗಸರು ನಗುತ್ತಿದ್ದರು. ಮೊದಲು ಬಂಜಿ ಅನ್ನುತ್ತಿದ್ದೆವು, ಈಗ ಈ ಮುದುಕಿಗೆ ಏನನ್ನಬೇಕು ಎಂದು ಒಬ್ಬಳು ಕೇಳಿದಳು. ಇನ್ನೊಬ್ಬಳು, ತಾಯಿಗೂ ಮಗಳಿಗೂ ಕೂಡಿಯೇ ಹಲ್ಲು ಬರುತ್ತವೆ ಬಿಡು ಎಂದಳು. ಟೀಚರ್ ಮಗುವನ್ನೆತ್ತಿಕೊಂಡು ನನ್ನ ಹಿಂದೆಯೇ ನಿಂತಿದ್ದರು. ಶಹಾಪುರಕ್ಕೆ ವಾಪಸಾಗುವಾಗ ಜೀಪಿನಲ್ಲಿ ಅವರು ಮಡಿಲಲ್ಲಿ ಮಲಗಿದ್ದ ಕೂಸನ್ನು, ಅದು ಅಲ್ಲಿದೆಯೆಂದು ಆಗಷ್ಟೇ ತಿಳಿದವರಂತೆ, ದಾರಿಯುದ್ದಕ್ಕೂ ನೋಡುತ್ತಿದ್ದರು.

ಆಮೇಲಿನ ಕೆಲವು ವರ್ಷ ಅವರಷ್ಟು ಮುದ್ದು ಮಾಡಿದ ತಾಯಿಯನ್ನು ನಾನು ಕಂಡಿಲ್ಲ. ಮಂಡಿನೋವಿದ್ದರೂ ಮಗಳನ್ನು ನೆಲಕ್ಕೆ ಇಳಿಸುತ್ತಿರಲಿಲ್ಲ. ಹುಲಿಯಂಥ ಹೆಂಗಸು ಮಗುವಿನ ಮುಂದೆ ಬೆಕ್ಕಿನ ಹಾಗೆ ಕೂಗಿ ತೋರಿಸುತ್ತಿದ್ದರು. ಪೂರ್ಣಿ ಒಂದನೇ ಇಯತ್ತೆಗೆ ಸೇರಿದ ಮಳೆಗಾಲದಲ್ಲಿ ಹಣಮಂತ್ರಾಯರು ಬಚ್ಚಲಲ್ಲಿ ಕುಸಿದವರು ಏಳಲಿಲ್ಲ. ಅವರು ನಮ್ಮ ಮನೆಯಲ್ಲಿ ಕೂತು ಹೇಳಿದ್ದ ಮಾತು ಹಾಗೆಯೇ ನಡೆಯಿತು.

ಮಣ್ಣು ಮಾಡಿ ಬಂದ ಮೇಲೆ ಟೀಚರ್ ಬೇರೆಯವರಾದರು. ಮಗಳನ್ನು ಮಡಿಲಿನಿಂದ ಇಳಿಸಿದರು. ಹಾಸಿಗೆ ಬೇರೆ ಮಾಡಿದರು. ಗ್ಯಾಸ್ ಹಚ್ಚುವುದು, ಅನ್ನಕ್ಕೆ ನೀರಿಡುವುದು, ತನ್ನ ಬಟ್ಟೆ ತಾನು ಒಗೆಯುವುದು, ಬಸ್ಸಿನ ಬೋರ್ಡು ಓದಿ ಹತ್ತುವುದು, ಎಲ್ಲವನ್ನೂ ಕಲಿಸಿದರು. ಹುಡುಗಿ ಬಿದ್ದರೆ ಎತ್ತುತ್ತಿರಲಿಲ್ಲ.

ಒಂದು ಮಧ್ಯಾಹ್ನ ಹೋದಾಗ ಪೂರ್ಣಿ ಜ್ವರದಲ್ಲಿ ಚಾಪೆಯ ಮೇಲೆ ಮಲಗಿದ್ದಳು. ಪಕ್ಕದ ಬೋಗುಣಿಯಲ್ಲಿ ಬಟ್ಟೆ ಅದ್ದಿ, ಹಿಂಡಿ, ತಾನೇ ಹಣೆಗೆ ಹಾಕಿಕೊಳ್ಳುತ್ತಿದ್ದಳು. ಟೀಚರ್ ಬಾಗಿಲ ಬಳಿ ಕುರ್ಚಿಯಲ್ಲಿ ಕೂತು ನೋಡುತ್ತಿದ್ದರು. ನಾನು ಓಡಿಹೋಗಿ ಹುಡುಗಿಯನ್ನು ತೊಡೆಗೆ ಎಳೆದುಕೊಂಡೆ.

"ಬ್ಯಾಡ ರೇಣುಕಾ, ಆಕಿ ರೂಢಿ ತಪ್ಪಸಬ್ಯಾಡ" ಎಂದರು.

ನನಗೆ ಸಿಟ್ಟು ನೆತ್ತಿಗೇರಿತು. ಅಡುಗೆಮನೆಗೆ ಕರೆದು, ಜೀವ ಒತ್ತೆಯಿಟ್ಟು ಹಡೆದದ್ದು ಇದಕ್ಕೇನಾ ಎಂದು ಕೇಳಿದೆ. ಅವರು ಕೂಗಾಡಲಿಲ್ಲ.

"ನನ್ನ ತೊಡಿ ರೂಢಿ ಆದ್ರ, ನಾ ಹೋದ ಮ್ಯಾಲ ಆ ತೊಡಿ ಎಲ್ಲಿ ಹುಡುಕ್ತಾಳ? ಆಕಿ ಅಪ್ಪ ಹೋದಾಗ ದಿನಾ ಸಂಜಿಕ ಅಂವನ ಚಪ್ಪಲ್ ಹಿಡಕೊಂಡು ಬಾಗಿಲಾಗ ಕೂಡ್ತಿದ್ಲು. ಇನ್ನೊಮ್ಮೆ ಹಂಗ ಕೂಡಬಾರದು." ಹಾಗೆನ್ನುವಾಗ ಅವರ ಎರಡೂ ಕೈ ಸೆರಗಿನಲ್ಲಿ ಬಿಗಿಯಾಗಿ ಸುತ್ತಿಕೊಂಡಿದ್ದವು. ಮುಟ್ಟಬಾರದೆಂದು ಕೈಗಳನ್ನೇ ಕಟ್ಟಿಹಾಕಿದ್ದರು.

ಐದನೆಯದು ಮುಗಿಯುತ್ತಲೇ ಮಗಳನ್ನು ಸುರಪುರದ ಹತ್ತಿರದ ಒಂದು ವಸತಿ ಶಾಲೆಗೆ ಸೇರಿಸಿದರು. ಅಷ್ಟರಲ್ಲಿ ಅವರ ಹೃದಯ ಸೋತಿತ್ತು, ನಾಲ್ಕು ಹೆಜ್ಜೆಗೆ ಉಸಿರು ಹತ್ತುತ್ತಿತ್ತು. ನಾನು ತಾಯಿ ಮಗಳಿಬ್ಬರನ್ನೂ ಒಟ್ಟಿಗೆ ಕಡೆಯ ಬಾರಿ ನೋಡಿದ್ದು ಆ ವರ್ಷದ ದಸರೆಯ ಸೂಟಿಯಲ್ಲಿ. ಟೀಚರ್ ಮಂಚದ ಮೇಲೆ ದಿಂಬಿಗೊರಗಿ ಕೂತಿದ್ದರು. ಪೂರ್ಣಿ ನಮಗಿಬ್ಬರಿಗೂ ಚಹಾ ತಂದುಕೊಟ್ಟು, ಮಂಚದ ಕಾಲಿನ ಬಳಿ ನಿಂತಳು. ಹಾಸ್ಟೆಲಿನಲ್ಲಿ ಯಾರೋ ಏನೋ ಅಂದಿರಬೇಕು.

"ಅವ್ವಾ, ನೀ ಜಲ್ದಿ ಹೋಗ್ತಿ ಅಂತ ನಿನಗ ಗೊತ್ತಿತ್ತಲ್ಲ. ಮತ್ತ ನನ್ನ ಯಾಕ ಹಡದಿ?"

ದನಿಯಲ್ಲಿ ಸಿಟ್ಟಿರಲಿಲ್ಲ, ಅಳುವಿರಲಿಲ್ಲ. ತಿಳಿಯದ ಲೆಕ್ಕ ಕೇಳಿದಂತೆ ಕೇಳಿದಳು. ಟೀಚರ್ ಕೈಯಲ್ಲಿದ್ದ ಕಪ್ಪನ್ನು ಪಕ್ಕಕ್ಕಿಟ್ಟರು. ನಿನ್ನ ಮೇಲಿನ ಪ್ರೀತಿಗೆ ಎಂದೋ, ದೇವರು ಕೊಟ್ಟ ಎಂದೋ ಹೇಳಬಹುದಿತ್ತು. ಆದರೆ ಮಕ್ಕಳಿಗೆ ಸುಳ್ಳು ಹೇಳಿ ಅವರಿಗೆ ರೂಢಿಯಿರಲಿಲ್ಲ.

"ಮಂದಿ ಬಾಯಿ ಮುಚ್ಚಸಾಕ ಹಡದೆ, ಪೂರ್ಣಿ. ನೀ ಬೇಕು ಅಂತ ಅನಿಸಿದ್ದು ಆಮ್ಯಾಲ. ನೀ ಹುಟ್ಟಿದ ಮ್ಯಾಲ."

ಹುಡುಗಿ ಮತ್ತೆ ಕೇಳಿದಳು: "ಮುಚ್ಚಿತೇನು?"

"ಇಲ್ಲ."

ಪೂರ್ಣಿ ನಮ್ಮ ಕಪ್ಪುಗಳನ್ನು ತೆಗೆದುಕೊಂಡು ತೊಳೆಯಲು ಹೋದಳು. ಟೀಚರ್ ಕಣ್ಣು ಮುಚ್ಚಿಕೊಂಡರು. ನಾನು ಹೊರಡುವಾಗ, ಸೂಟಿ ಬಿಟ್ಟಾಗ ಅವಳನ್ನು ನಿನ್ನ ಮನೆಗೆ ಕರೆದುಕೊಂಡು ಹೋಗು ಎಂದಷ್ಟೇ ಹೇಳಿದರು. ಆಗಲಿ ಎಂದೆ.

ಜೋಳ ತೆನೆಗಟ್ಟುವ ಹೊತ್ತಿಗೆ ಹೋಗಿಬಿಟ್ಟರು. ಹಾಸ್ಟೆಲಿನಿಂದ ಕರೆತಂದ ಹುಡುಗಿ ಅಳಲಿಲ್ಲ. ಬಂದವರಿಗೆ ಚಾಪೆ ಹಾಸಿದಳು, ನೀರು ಕೊಟ್ಟಳು, ತಾಯಿಯ ಔಷಧಿ ಡಬ್ಬಿಗಳನ್ನು ಚೀಲಕ್ಕೆ ತುಂಬಿ ಅಟ್ಟದ ಮೇಲಿಟ್ಟಳು. ಟೀಚರ್ ಕಲಿಸಿದ್ದೆಲ್ಲವನ್ನೂ ತಪ್ಪಿಲ್ಲದೆ ಮಾಡಿದಳು. ಸುರಪುರದ ನೆಗೆಣ್ಣಿ ಕಂಬಕ್ಕೊರಗಿ ಕೂತಿದ್ದವಳು ಪಕ್ಕದವರ ಕಿವಿಯಲ್ಲಿ, "ಅಷ್ಟು ತ್ರಾಸ ಪಟ್ಟು ಕಲ್ಲು ಹಡದಾಳ ನೋಡ್ರಿ" ಎಂದಳು.

ಬೇಸಿಗೆಯ ಸೂಟಿಗೆ ಪೂರ್ಣಿ ನಮ್ಮ ಮನೆಗೆ ಬಂದಳು. ಯಾರೂ ಏಳುವ ಮೊದಲೇ ಎದ್ದು ಹಾಸಿಗೆ ಸುತ್ತಿಡುತ್ತಿದ್ದಳು, ಕೇಳದೆ ಒಂದು ಬಾಳೆಹಣ್ಣನ್ನೂ ಮುಟ್ಟುತ್ತಿರಲಿಲ್ಲ. ಒಂದು ದಿನ ಊಟಕ್ಕೆ ಕೂತಾಗ ತಟ್ಟೆಗೆ ರೊಟ್ಟಿ ಹಾಕುತ್ತಾ ಅವಳ ತಲೆ ಸವರಿದೆ. ಇದು ನಿನ್ನದೇ ಮನೆ, ನನ್ನನ್ನು ಅವ್ವ ಅಂದರೂ ನಡೆಯುತ್ತದೆ ಎಂದೆ. ಅವಳು ತಲೆ ಸರಿಸಿಕೊಳ್ಳಲಿಲ್ಲ, ಹತ್ತಿರವೂ ಬರಲಿಲ್ಲ.

"ಟೀಚರ್, ನಿಮಗ ಎಷ್ಟು ವರ್ಷ ಆಗ್ಯಾವ್ರಿ?" ಎಂದು ಕೇಳಿದಳು.

ಹೇಳಿದೆ. ಅವಳು ಗೋಡೆ ನೋಡುತ್ತಾ ಮನಸ್ಸಿನಲ್ಲೇ ನನ್ನ ವಯಸ್ಸಿಗೂ ತನ್ನ ವಯಸ್ಸಿಗೂ ಏನನ್ನೋ ಕೂಡಿ ಕಳೆದಳು. ಆಮೇಲೆ "ಹೂಂ ರಿ, ಟೀಚರ್" ಎಂದು ರೊಟ್ಟಿ ಮುರಿದಳು.