ಬಾಗಿಲಲ್ಲಿ ಕೂತ ಪುಸ್ತಕಗಳು

ಹೊಸ ಇಂಗಿನ ಡಬ್ಬಿ ತೆರೆದಾಗ ಎಲ್ಲರಿಗೂ ಸಾರು ನೆನಪಾದರೆ ನನಗೆ ಗ್ರಂಥಾಲಯ ನೆನಪಾಗುತ್ತದೆ. ನಾಸಿಕ್‌ನ ಈ ಮನೆಯಲ್ಲಿ ಇದನ್ನು ಹೇಳಿದರೆ ನಗುತ್ತಾರೆ. ನಗಲಿ ಬಿಡಿ. ಅವರು ಆ ಕಿರಾಣಿ ಅಂಗಡಿಯನ್ನು ಕಂಡವರಲ್ಲ, ಅಂಗಡಿಯ ಕಾಕಾರನ್ನೂ ಕಂಡವರಲ್ಲ.

ಆಗ ನಾನು ಸಂಭಾಜಿನಗರದ ಒಂದು ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಸಹಾಯಕಿ. ಪುಸ್ತಕ ಕೊಡುವುದು, ವಾಪಸು ಬಂದದ್ದನ್ನು ಅದರದರ ಜಾಗದಲ್ಲಿ ಇಡುವುದು, ಇಷ್ಟೇ ಕೆಲಸ. ಕಾಕಾರ ಅಂಗಡಿ ಕ್ಯಾಂಪಸ್ಸಿನ ಹಿಂದಿನ ಗೇಟಿನ ಎದುರಿಗಿತ್ತು. ಬೀದರ್ ಕಡೆಯವರು, ಹಣೆ ತುಂಬ ವಿಭೂತಿ, ಬಾಯಿ ಬಲು ಜೋರು. ಗಿರಾಕಿಗಳ ಜೊತೆ ಮರಾಠಿ, ಲಾರಿಯವರ ಜೊತೆ ಹಿಂದಿ, ಸಿಟ್ಟು ಬಂದರೆ ಮಾತ್ರ ಕನ್ನಡ. ನಮ್ಮಪ್ಪ ಭಾಲ್ಕಿಯವರೆಂದು ತಿಳಿದ ದಿನದಿಂದ ನನ್ನೊಡನೆ ಬರೀ ಕನ್ನಡವೇ. ‘ನನ್ನ ಮ್ಯಾಲ ಅಷ್ಟು ಸಿಟ್ಟೇನ್ರಿ ಕಾಕಾ’ ಎಂದು ಕೆಣಕುತ್ತಿದ್ದೆ.

ಅವರ ಹೆಂಡತಿಯನ್ನು, ಅಂದರೆ ಕಾಕುವನ್ನು, ನಾನು ನೋಡಲಿಲ್ಲ. ನಾನು ಕೆಲಸಕ್ಕೆ ಸೇರುವಷ್ಟರಲ್ಲಿ ಅವರು ತೀರಿಕೊಂಡಿದ್ದರು. ಅಂಗಡಿಯ ಬಾಗಿಲಲ್ಲೇ ಎಣ್ಣೆ ಡಬ್ಬಿಯ ಮೇಲೆ ಕೂತು ಕನ್ನಡ ಪುಸ್ತಕ ಓದುತ್ತಿದ್ದರಂತೆ. ಹೋಗಿ ಬರುವವರೆಲ್ಲ ಒಂದು ಮಾತಾಡಿಸಿಯೇ ಹೋಗುತ್ತಿದ್ದರಂತೆ. ಊರಿಗೆ ಹೋದಾಗಲೆಲ್ಲ ಒಂದು ಚೀಲ ಪುಸ್ತಕ ಹೊತ್ತು ತರುತ್ತಿದ್ದರಂತೆ... ಸೊಸೆಯಂದಿರಿಗೆ ಕನ್ನಡ ಓದಲು ಬಾರದು, ಕಾಕಾರಿಗೆ ಓದುವ ತಾಳ್ಮೆಯಿಲ್ಲ. ಮನೆಯಲ್ಲಿಟ್ಟರೆ ಇಲಿ ಕಡಿಯುತ್ತವೆ ಎಂದು ಅಷ್ಟನ್ನೂ ನಮ್ಮ ಗ್ರಂಥಾಲಯಕ್ಕೆ ಕೊಟ್ಟುಬಿಟ್ಟಿದ್ದರು. ಪ್ರತಿಯೊಂದರ ಮೊದಲ ಪುಟದಲ್ಲೂ ಕಾಕು ಕೈಯಾರೆ ಬರೆದ ಅವರ ಹೆಸರಿತ್ತು. ಮೂಲೆಯ ಒಂದು ರ‍್ಯಾಕಿನಲ್ಲಿ ಅವು ಧೂಳು ಹಿಡಿದು ನಿಂತಿದ್ದವು.

ಆ ವರ್ಷ ಕ್ಯಾಂಪಸ್ಸಿನಲ್ಲಿ ಹೊಸ ಗ್ರಂಥಾಲಯ ಕಟ್ಟಲು ಶುರುಮಾಡಿದರು. ಕೆಲಸಕ್ಕೆ ಬಂದವರಲ್ಲಿ ಕಲಬುರಗಿ ಕಡೆಯ ಸಂಸಾರಗಳೇ ಹೆಚ್ಚು, ಸಾಮಾನಿಗೆ ಎಲ್ಲರೂ ಕಾಕಾರ ಅಂಗಡಿಗೇ ಬರುತ್ತಿದ್ದರು. ‘ಗ್ವಾಡಿ ಛಂದ ಕಟ್ರಿ, ನಮ್ಮಾಕಿ ಅಲ್ಲೇ ಇರಾಕಿ ಅದಾಳ’ ಎಂದು ಕಾಕಾ ಅವರಿಗೆ ತಾಕೀತು ಮಾಡುತ್ತಿದ್ದರು. ಬೆಲ್ಲ ಒಯ್ಯಲು ಬಂದಿದ್ದ ಹೆಣ್ಣುಮಗಳೊಬ್ಬಳು ನನ್ನನ್ನು ಪಕ್ಕಕ್ಕೆ ಕರೆದು, ‘ಯಾರ್ರೀ ಇರ್ತಾರ ಅಲ್ಲಿ?’ ಎಂದು ಗಾಬರಿಯಿಂದ ಕೇಳಿದಳು. ಪುಸ್ತಕ ಎಂದೆ. ಅವಳಿಗೆ ಸಮಾಧಾನವಾದಂತೆ ಕಾಣಲಿಲ್ಲ.

ಅಷ್ಟರಲ್ಲಿ ಒಂದು ನಿಯಮ ಬಂತು. ವರ್ಷಗಟ್ಟಲೆ ಯಾರೂ ಒಯ್ಯದ ಪುಸ್ತಕಗಳು ಹೊಸ ಕಟ್ಟಡಕ್ಕೆ ಹೋಗುವುದಿಲ್ಲ, ಹಳೆಯದರ ಗೋದಾಮಿನಲ್ಲೇ ಉಳಿಯುತ್ತವೆ. ತೊಗರಿಬೇಳೆ ತರಲು ಹೋದಾಗ ಕಾಕಾರಿಗೆ ಹೇಳಿದೆ. ಬೇಳೆ ಸುರಿಯುತ್ತಿದ್ದ ಕೈ ಹಾಗೇ ನಿಂತಿತು.

‘ಗೋದಾಮಿನ್ಯಾಗಾ? ಅಲ್ಲಿ ಇಲಿ ಇಲ್ಲೇನು?’

‘ಯಾರರ ಒಯ್ದು ಓದಿದ್ರ ಹೊಸಾದಕ್ಕ ಹೋಗ್ತಾವ್ರಿ ಕಾಕಾ.’

ಮರುದಿನದಿಂದ ಅಂಗಡಿಗೆ ಬರುವವರ ಪಾಡು ಯಾರಿಗೂ ಬೇಡ. ಕೊರಳಲ್ಲಿ ವಿಶ್ವವಿದ್ಯಾಲಯದ ಕಾರ್ಡು, ಬಾಯಲ್ಲಿ ಎರಡು ಮಾತು ಕನ್ನಡ ಇದ್ದರೆ ಸಾಕು, ಕಾಕಾ ಬಿಡುತ್ತಿರಲಿಲ್ಲ. ಇಲ್ಲೇ ಹುಟ್ಟಿ ಬೆಳೆದ ಹುಡುಗರು ‘ಸಮಝ್ತದ ಕಾಕಾ, ಓದಾಕ ಬರಂಗಿಲ್ಲ’ ಎಂದರೆ, ‘ಓದು ಅಂತ ಯಾರಂದ್ರು? ತಗೊಂಡ್ ಬಾ ಅಂದೆ!’ ಎಂದು ಗದರುತ್ತಿದ್ದರು. ಹುಡುಗರು ತಂದ ಪುಸ್ತಕ ಅಂಗಡಿಯಲ್ಲೇ ಬಿಟ್ಟು ಹೋಗುತ್ತಿದ್ದರು. ಅವು ಜೀರಿಗೆ, ಇಂಗಿನ ಡಬ್ಬಿಗಳ ನಡುವೆ ಇದ್ದು, ಗಡುವಿನೊಳಗೆ ವಾಪಸು ಬರುತ್ತಿದ್ದವು, ಮತ್ತೊಬ್ಬರ ಹೆಸರಲ್ಲಿ ಮತ್ತೆ ಹೋಗುತ್ತಿದ್ದವು. ಪುಟಗಳಿಗೆ ಹತ್ತಿದ ಇಂಗಿನ ಘಾಟಿಗೆ ಕೌಂಟರಿನಲ್ಲಿ ಕೂತ ನಮಗೆ ಸೀನೋ ಸೀನು. ಕ್ರಮೇಣ ಒಬ್ಬಿಬ್ಬರು ಸುಮ್ಮನೆ ಪುಟ ತಿರುವಿ ನೋಡತೊಡಗಿದರು. ಮನೆಯಲ್ಲಿ ಅಜ್ಜಿಗೆ ಓದಲು ಕೊಟ್ಟೆ, ಬಿಡಲೊಲ್ಲಳು ಎಂದು ಒಬ್ಬ ಹುಡುಗಿ ತಡವಾಗಿ ತಂದುಕೊಟ್ಟದ್ದೂ ಉಂಟು.

ಸಾಗಿಸುವ ದಿನ ಹತ್ತಿರ ಬಂತು. ಕಾಕಾರಿಗೆ ಹುರುಪು ಏರಿತು, ಒಂದು ಪುಸ್ತಕವನ್ನೂ ಬಿಡದೆ ಹೊರಗೆ ತೆಗೆಸಿದರು. ಅದೇ ವಾರ ಹೊಸ ಕಟ್ಟಡಕ್ಕೆ ರ‍್ಯಾಕು ಮಾಡುವ ಕಂಪನಿಯವರು ಟೇಪು ಹಿಡಿದು ಬಂದರು. ಯಾವ ವಿಷಯದ ಪುಸ್ತಕ ಎಷ್ಟು ಉದ್ದಕ್ಕಿದೆಯೋ ಅಷ್ಟು ಉದ್ದದ ಹೊಸ ರ‍್ಯಾಕು ಎಂದು ಅಳೆದುಕೊಂಡು ಹೋದರು. ಕನ್ನಡದ ರ‍್ಯಾಕು ಖಾಲಿಯಿತ್ತು. ಖಾಲಿ ರ‍್ಯಾಕಿಗೆ ಯಾರು ಜಾಗ ಕೊಡುತ್ತಾರೆ?

ಹೊಸ ರ‍್ಯಾಕುಗಳ ನಕ್ಷೆ ಕೈಗೆ ಬಂದಾಗ ಅಂಗಡಿಗೆ ಓಡಿದೆ. ‘ಎಲ್ಲಾ ನಿಮ್ಮ ಹತ್ರನೇ ಅದಾವೇನ್ರಿ?’ ಎಂದರೆ, ‘ಎಲ್ಲಾ! ಒಂದೂ ಬಿಟ್ಟಿಲ್ಲ ನೋಡು’ ಎಂದು ಹೆಮ್ಮೆಯಿಂದ ತೋರಿಸಿದರು. ಆದದ್ದನ್ನು ಹೇಳಿದೆ. ಕಾಕಾ ಮೆಲ್ಲಗೆ ಬಾಗಿಲಿನ ಎಣ್ಣೆ ಡಬ್ಬಿಯ ಮೇಲೆ ಕೂತರು. ‘ಅಯ್ಯ ಶಿವನ... ನಾನೇ ಆಕಿನ್ನ ಹೊರಗ ಹಾಕ್ದೆನಲ್ಲ’ ಎಂದರು. ದಾರಿಯುದ್ದಕ್ಕೂ ನಗು ತಡೆದುಕೊಂಡು ಬಂದಿದ್ದೆ, ಆ ಮುಖ ನೋಡಿ ಹಾಗೇ ಗ್ರಂಥಾಲಯಕ್ಕೆ ತಿರುಗಿ ಓಡಿದೆ. ನಮ್ಮ ಸಾಹೇಬರನ್ನು ಕೇಳಿಕೊಂಡೆ. ನಕ್ಷೆ ಮುಗಿದ ಮಾತು, ಮುಂದೆ ನೋಡೋಣ ಎಂದರು.

ಆದರೆ ಒಯ್ದ ಪುಸ್ತಕ ವಾಪಸು ತೆಗೆದುಕೊಳ್ಳಲೇಬೇಕಲ್ಲ. ಹೊಸ ಕಟ್ಟಡ ತೆರೆದ ಮೇಲೆ ಅವು ಸಾಬೂನಿನ ರಟ್ಟಿನ ಡಬ್ಬಿಗಳಲ್ಲಿ ಬಂದವು. ಇಡಲು ರ‍್ಯಾಕಿಲ್ಲ. ಬಾಗಿಲ ಪಕ್ಕದಲ್ಲಿ, ವಾಪಸು ಬಂದ ಪುಸ್ತಕಗಳ ತಳ್ಳುಗಾಡಿಯ ಮೇಲೆಯೇ ಜೋಡಿಸಿದೆ.

ಕಾಕಾ ಒಂದು ದಿನ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ನೋಡಲು ಬಂದರು. ಚಪ್ಪಲಿ ಹೊರಗೇ ಬಿಟ್ಟರು, ಬೇಡವೆಂದರೂ ಕೇಳಲಿಲ್ಲ. ಗಾಡಿಯ ಮೇಲಿದ್ದ ಒಂದು ಪುಸ್ತಕ ತೆರೆದು ಕಾಕು ಹೆಸರಿನ ಮೇಲೆ ಬೆರಳಾಡಿಸಿದರು. ಬೈಯುತ್ತಾರೆ ಅಂದುಕೊಂಡೆ.

‘ಬಾಗಲದಾಗೇ ಕುಂತಾಳಲ್ಲ’ ಎಂದರು. ‘ಛಲೋ ಆತು ಬಿಡು. ಒಳಗ ಹೋದ್ರ ಯಾರು ಮಾತಾಡಸ್ತಾರ?’

ನಿಜವಾಗಿಯೂ ಹಾಗೇ ಆಯಿತು. ಬಾಗಿಲಲ್ಲಿ ಹೋಗಿಬರುವವರು ನಿಂತು ನೋಡುತ್ತಿದ್ದರು, ಕನ್ನಡ ಬಲ್ಲವರು ಒಯ್ಯುತ್ತಿದ್ದರು. ಅಂಗಡಿಗೆ ರಜೆಯಿದ್ದ ದಿನ ಕಾಕಾ ಬಂದು ಗಾಡಿಯ ಹತ್ತಿರ ಸ್ವಲ್ಪ ಹೊತ್ತು ಕೂತು ಹೋಗುತ್ತಿದ್ದರು. ಆಮೇಲೆ ಯಜಮಾನರಿಗೆ ವರ್ಗವಾಗಿ ನಾನು ನಾಸಿಕ್‌ಗೆ ಬಂದೆ... ಮರುವರ್ಷ ಕಾಕಾ ಹೋದರೆಂದು ಫೋನಿನಲ್ಲಿ ತಿಳಿಯಿತು.

ಮೊನ್ನೆ ಮದುವೆಯೊಂದಕ್ಕೆ ಸಂಭಾಜಿನಗರಕ್ಕೆ ಹೋಗಿದ್ದೆ. ಅಂಗಡಿಯ ಜಾಗದಲ್ಲಿ ಮೊಬೈಲು ಅಂಗಡಿ. ಗ್ರಂಥಾಲಯದಲ್ಲಿ ಗಾಡಿ ಇತ್ತು, ನಮ್ಮ ಪುಸ್ತಕಗಳಿರಲಿಲ್ಲ. ಕೇಳಿದರೆ ಮೇಲಿನ ಮಹಡಿ ತೋರಿಸಿದರು. ಕೊನೆಗೂ ಸ್ವಂತ ರ‍್ಯಾಕು ಸಿಕ್ಕಿತ್ತು, ಗಾಜಿನ ಬಾಗಿಲು, ಹೆಸರಿನ ಪಟ್ಟಿ, ಎಲ್ಲಾ ಸಾಲಾಗಿ. ಅತ್ತ ಯಾರೂ ಸುಳಿಯುವುದಿಲ್ಲ ಎಂದು ಅಲ್ಲಿನ ಹುಡುಗಿಯೇ ಹೇಳಿದಳು. ಒಂದನ್ನು ತೆಗೆದು ಮೂಗಿಗೆ ಹಿಡಿದೆ. ಇಂಗಿನ ವಾಸನೆ ಹೋಗಿತ್ತು. ಅಲ್ಲೇ ನಿಂತು ಅತ್ತೆ.

ನನ್ನ ಕಾರ್ಡು ಈಗ ನಡೆಯುವುದಿಲ್ಲ. ಆ ಪುಸ್ತಕವನ್ನು ಕೆಳಗೆ ತಂದು ಗಾಡಿಯ ಮೇಲಿಟ್ಟೆ. ಸಂಜೆಯೊಳಗೆ ಯಾರಾದರೂ ಮತ್ತೆ ಮೇಲೆ ಒಯ್ದಿಡುತ್ತಾರೆ, ಒಂದು ಕಾಲಕ್ಕೆ ಅದೇ ನನ್ನ ಕೆಲಸವಾಗಿತ್ತು. ಹೊರಗೆ ಬಂದು ಒಮ್ಮೆ ತಿರುಗಿ ನೋಡಿದೆ. ನಾನು ಎಂದೂ ಕಾಣದ ಕಾಕು ಬಾಗಿಲಲ್ಲಿ ಕೂತಿದ್ದರು.