ಕುಂಕುಮದ ಕೆಳಗಿದ್ದ ಸಾಲು

"ಈ ರಿಪೋರ್ಟಿನ ಮೇಲೆ ರಕ್ತ ಹೇಗೆ ಬಿತ್ತು?"

ಫೋನಿನ ಪರದೆಯಲ್ಲಿದ್ದ ಡಾಕ್ಟರಮ್ಮ ಕೇಳಿದರು. ನಾನು ಬಗ್ಗಿ ನೋಡಿದೆ. ರಕ್ತವಲ್ಲ, ಕುಂಕುಮ!

ನಮ್ಮ ಅತ್ತೆಯ ಕೆಲಸ. ಮದುವೆ ಪತ್ರಿಕೆಯಾಗಲಿ, ಜಮೀನಿನ ಪತ್ರವಾಗಲಿ, ಮನೆಗೆ ಬಂದ ಕಾಗದವನ್ನು ದೇವರ ಮುಂದಿಟ್ಟು ನಾಲ್ಕು ಮೂಲೆಗೂ ಅರಿಶಿನ ಕುಂಕುಮ ಹಚ್ಚದೆ ಅವರು ಒಳಗಿಡುವುದಿಲ್ಲ. ಗಂಡನ ಗಂಟಲಿನ ರಿಪೋರ್ಟಿಗೂ ಅದೇ ಮರ್ಯಾದೆ ಸಿಕ್ಕಿತ್ತು. (ಆಪತ್ತಿನ ಕಾಗದವೆಂದು ಈ ಸಲ ಕುಂಕುಮ ಸ್ವಲ್ಪ ಧಾರಾಳ.) ಮಹಾ ಬುದ್ಧಿವಂತನಾದ ನಾನು ನೋಡದೆ ಹಾಗೇ ಫೋಟೊ ಹೊಡೆದು ಕಳಿಸಿದ್ದೆ.

ಮಾವ ಎಂದರೆ ನಮ್ಮಮ್ಮನ ತಮ್ಮ. ಮಿಡಿಗೇಶಿಯಲ್ಲಿ ಕುರಿ ಸಾಕುತ್ತಾರೆ. ಕೈಯಲ್ಲಿ ಕೋಲಿರುತ್ತದೆ, ಆದರೆ ಕೆಲಸವೆಲ್ಲ ಗಂಟಲಿನದು. ಅವರೊಂದು ಕೂಗು ಹಾಕಿದರೆ ಬೆಟ್ಟದ ಬುಡದಲ್ಲಿ ಮೇಯುವ ಕುರಿಗಳೆಲ್ಲ ತಲೆಯೆತ್ತಿ ತಿರುಗುತ್ತಿದ್ದವು. ಆ ಗಂಟಲು ನಾಲ್ಕು ತಿಂಗಳಿಂದ ಕಟ್ಟಿತ್ತು. ಶುಂಠಿ, ಮೆಣಸು, ಬಿಸಿನೀರು ಎಲ್ಲ ಆಯಿತು. ಕೊನೆಗೆ ಪರೀಕ್ಷೆ ಮಾಡಿಸಿದರೆ ಧ್ವನಿಪೆಟ್ಟಿಗೆಯಲ್ಲಿ ಕ್ಯಾನ್ಸರ್.

"ಪೆಟ್ಟಿಗೆ ಪೂರ್ತಿ ತೆಗೆದುಬಿಡೋಣ, ಅದೇ ಸೇಫ್" ಎಂದರು ನೋಡಿದ ಡಾಕ್ಟರು. ಮುಂದಿನ ವಾರಕ್ಕೇ ಆಪರೇಷನ್. ಆಮೇಲೆ ಉಸಿರಾಡಲು ಕುತ್ತಿಗೆಯಲ್ಲಿ ತೂತು. ಮಾತು? ಅದು ಮೊದಲಿನಂತೆ ಬರುವುದಿಲ್ಲ. ಕೂಗಂತೂ ಇಲ್ಲವೇ ಇಲ್ಲ.

ಮಾವ ಎಲ್ಲದಕ್ಕೂ ತಲೆಯಾಡಿಸಿ ಎದ್ದು ಬಂದರು. ನನಗೆ ರೇಗಿಹೋಯಿತು. ಇನ್ನೊಬ್ಬರನ್ನು ಕೇಳೋಣ ಎಂದೆ.

"ಬ್ಯಾಡ ಕಣ್ಲಾ," ಮಾವ ಪಿಸುಗುಟ್ಟಿದರು. ಪಿಸುಮಾತಷ್ಟೇ ಉಳಿದಿತ್ತು. "ಆವಯ್ಯ ಬೇಜಾರ್ ಮಾಡ್ಕಂಬುಟ್ರೆ? ನಾಳೆ ಕತ್ತಿ ಹಿಡಿಯೋನು ಅವ್ನೇ ಅಲ್ವಾ?"

ನೋಡಿ ನಮ್ಮ ದಾಕ್ಷಿಣ್ಯ! ಕೊಯ್ಯುವುದು ನಮ್ಮ ಕುತ್ತಿಗೆಯನ್ನು, ಸಂಕೋಚ ಪಡುವವರೂ ನಾವೇ.

"ಮಾವ, ಶಿರಾ ಸಂತೇಲಿ ಟಗರು ಕೊಳ್ಳುವಾಗ ಏನ್ ಮಾಡ್ತೀಯಾ?"

"ಹಲ್ ನೋಡ್ತೀನಿ. ಬೆನ್ನು ಅದುಮಿ ನೋಡ್ತೀನಿ."

"ಆಮೇಲೆ?"

"ಜೊತೇಲಿರೋರ್ಗೂ ತೋರುಸ್ತೀನಿ. ನಾಕ್ ಜನ ಮುಟ್ಟಿ ನೋಡ್ದೆ ಯಾವನ್ಲಾ ಟಗ್ರು ಹಿಡ್ಕಂಡ್ ಬತ್ತಾನೆ?"

"ಮಾರೋನು ಬೇಜಾರ್ ಮಾಡ್ಕೊಳ್ಳಲ್ವಾ?"

ಒಳಗಿನಿಂದ ಅತ್ತೆಯ ದನಿ ಬಂತು. "ಕೇಳು ಕಣಪ್ಪ ನೀನು. ಕೇಳುದ್ರೆ ಏನ್ ಹೋಯ್ತದೆ?"

ಆದರೆ ನಾನಿರುವ ಮಧುಗಿರಿಯಲ್ಲಿ ಕೂತುಕೊಂಡು ಯಾರನ್ನು ಕೇಳುವುದು? ದೂರದ ಊರಿನ ಕ್ಯಾನ್ಸರ್ ಆಸ್ಪತ್ರೆಯೊಂದು ಆನ್‌ಲೈನಿನಲ್ಲೇ ಸೆಕೆಂಡ್ ಒಪೀನಿಯನ್ ಕೊಡುತ್ತದೆ ಎಂದು ನಮ್ಮ ಬೀದಿಯ ಮೆಡಿಕಲ್ ಶಾಪಿನವರು ಹೇಳಿದರು. ರಿಪೋರ್ಟು, ಸ್ಕ್ಯಾನು ಎಲ್ಲ ಅಪ್‌ಲೋಡ್ ಮಾಡಿದೆ. ಮೂರನೇ ದಿನ ವಿಡಿಯೊ ಕಾಲ್. ಮಾವ ಒಗೆದ ಪಂಚೆ ಉಟ್ಟು, ರುಮಾಲು ಸುತ್ತಿಕೊಂಡು, ಅತ್ತೆಯ ಜೊತೆ ಬೆಳಗಿನ ಬಸ್ಸಿಗೇ ನಮ್ಮ ಮನೆಗೆ ಬಂದರು. (ಫೋನಿಗೂ ಕೈ ಮುಗಿದರು.) ಈ ಕುಂಕುಮದ ಪ್ರಶ್ನೆ ಬಂದಿದ್ದು ಆಗಲೇ.

"ಅದರ ಕೆಳಗೆ ಒಂದು ಸಾಲಿದೆ. ನನಗೆ ಅದೇ ಮುಖ್ಯ. ಒರೆಸಿ ಓದಿ" ಎಂದರು ಡಾಕ್ಟರಮ್ಮ.

ಅತ್ತೆ ಸೆರಗಿನ ತುದಿಯಿಂದ ಒರೆಸಿದರು. ದೇವರ ಮುಂದೆ ಹಚ್ಚಿದ್ದನ್ನು ಅಳಿಸುತ್ತಿದ್ದೇನಲ್ಲ ಎಂಬ ಭಯ ಅವರಿಗೆ. ಇಂಗ್ಲಿಷಿನ ಆ ಸಾಲನ್ನು ನಾನು ಓದಿದೆ. ಧ್ವನಿತಂತುಗಳು ಎರಡೂ ಚೆನ್ನಾಗಿ ಅಲುಗಾಡುತ್ತಿವೆ ಎಂದಿತ್ತು.

"ಎರಡೂನಾ? ಇನ್ನೊಂದು ಸಲ ಓದಿ."

ಓದಿದೆ. ಡಾಕ್ಟರಮ್ಮನ ಮುಖ ಸಡಿಲವಾಯಿತು. "ಹಾಗಿದ್ರೆ ಇದಿನ್ನೂ ಶುರುವಿನಲ್ಲೇ ಇದ್ದಂತಿದೆ. ಪೆಟ್ಟಿಗೆ ತೆಗೆಯೋದು ಬೇಡವಾಗಬಹುದು, ರೇಡಿಯೇಷನ್ ಸಾಕಾಗಬಹುದು. ಆದ್ರೆ ಗಂಟಲಿನ ಚೂರು ತೆಗೆದಿಟ್ಟ ಬಯಾಪ್ಸಿ ಸ್ಲೈಡು, ಗಂಟಲೊಳಗೆ ಕ್ಯಾಮೆರಾ ಬಿಟ್ಟು ತೆಗೆದ ವಿಡಿಯೊ ಎರಡನ್ನೂ ಕಳಿಸಿ. ನೋಡದೆ ಹೇಳಲ್ಲ."

ಸ್ಲೈಡು ಕೇಳಲು ಮೊದಲಿನ ಡಾಕ್ಟರ ಬಳಿಗೇ ಹೋಗಬೇಕಲ್ಲ! ಮಾವ ಬಾಗಿಲ ಹೊರಗೇ ನಿಂತರು. ನಾನು ತೊದಲುತ್ತಾ ವಿಷಯ ಹೇಳಿದೆ. ಡಾಕ್ಟರು ತಲೆಯೆತ್ತಿ, "ಕೇಳಿ, ಒಳ್ಳೇದೇ. ಅಲ್ಲೀವರೆಗೆ ಆಪರೇಷನ್ ತಡೆಯೋಣ. ಏನಂದ್ರು ಅಂತ ನನಗೂ ಹೇಳಿ" ಎಂದು ಸ್ಲೈಡು, ವಿಡಿಯೊ ಎರಡನ್ನೂ ಕೊಡಿಸಿದರು. ಅಷ್ಟೇ! ಇಷ್ಟಕ್ಕಾಗಿ ನಾವು ಒಂದು ಗಂಟಲನ್ನೇ ಕಳೆದುಕೊಳ್ಳಲು ತಯಾರಿದ್ದೆವು.

ಅವನ್ನು ಕಳಿಸಿದ ಮೇಲೆ ಐದು ದಿನ ಅನ್ನ ರುಚಿಸಲಿಲ್ಲ. ಆರನೇ ದಿನ ಉತ್ತರ ಬಂತು. ರೇಡಿಯೇಷನ್ ಸಾಕು. ಮೊದಲಿನ ಡಾಕ್ಟರೂ ಓದಿ, ಇದೂ ಸರಿಯಾದ ದಾರಿಯೇ, ಮಾಡಿಸಿ ಎಂದರು. ನಾನು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ. ನಾಚಿಕೆಯೇನಿಲ್ಲ, ಬರೆದೇ ಹೇಳುತ್ತಿದ್ದೇನೆ.

ಎಲ್ಲರಿಗೂ ಹೀಗೇ ಆಗುತ್ತದೆಂದು ನಾನು ಹೇಳುತ್ತಿಲ್ಲ. ಎರಡನೆಯವರೂ ಆಪರೇಷನ್ನೇ ಎಂದಿದ್ದರೆ ಮಾಡಿಸುತ್ತಿದ್ದೆವು. ಆಗ ಕೊರಗು ಇರುತ್ತಿರಲಿಲ್ಲ, ಅಷ್ಟೇ. ಸೀರೆ ಕೊಳ್ಳಲು ನಾಲ್ಕು ಅಂಗಡಿ ಸುತ್ತುವ ನಮಗೆ ಆಸ್ಪತ್ರೆಯಲ್ಲಿ ಮಾತ್ರ ಬಾಯಿ ಯಾಕೆ ಕಟ್ಟುತ್ತದೆ?

ಚಿಕಿತ್ಸೆ ಮುಗಿದು ಕೆಲವು ತಿಂಗಳಾಯಿತು. ಗಂಟಲು ಸದ್ಯಕ್ಕೆ ಚೆನ್ನಾಗಿದೆ ಎಂದಿದ್ದಾರೆ, ತಪಾಸಣೆ ಮುಂದುವರಿದಿದೆ. ಕಳೆದ ಭಾನುವಾರ ಮಿಡಿಗೇಶಿಗೆ ಹೋಗಿದ್ದೆ. ಮಾವ ಕೂಗು ಹಾಕಿದರು. ಸ್ವಲ್ಪ ಒರಟಾಗಿದೆ, ಆದರೂ ಕುರಿಗಳು ತಿರುಗಿದವು. ಅಷ್ಟರಲ್ಲಿ ಪಕ್ಕದ ಮನೆಯವನು ಬಂದು, ಮಂಡಿ ಬದಲಾಯಿಸಬೇಕಂತೆ, ಸೋಮವಾರವೇ ಅಡ್ಮಿಟ್ ಆಗುತ್ತಿದ್ದೇನೆ ಎಂದ.

ಮಾವ ಇಡೀ ಬೀದಿಗೆ ಕೇಳುವಂತೆ ಕೂಗಿದರು. "ಲೇ, ಇನ್ನೊಬ್ರಿಗೆ ತೋರ್ಸಿದ್ಯೇನ್ಲಾ?"